ನೆಲದಡಿಯ ಪೈಪು, ತಿರುವಿನ ಫಿಟಿಂಗು

ಮನೆ ಕಟ್ಟಿಸುವವರು ಟೈಲ್ಸು, ನಲ್ಲಿ, ಬಾಗಿಲ ಹಿಡಿಕೆಗಳಿಗಾಗಿ ಅಂಗಡಿಯಿಂದ ಅಂಗಡಿಗೆ ಅಲೆಯುತ್ತಾರೆ. ಕೊಳೆನೀರು ಹೋಗುವ ಪೈಪಿನ ಮಾತು ಬಂದಾಗ ಮಾತ್ರ ಅದನ್ನು ಪ್ಲಂಬರ್ ನೋಡಿಕೊಳ್ಳುತ್ತಾನೆ ಎಂದು ಸುಮ್ಮನಾಗುತ್ತಾರೆ. ಸಾಗರದ ನಮ್ಮ ಮನೆಯಲ್ಲಿ ಮಹಡಿಯ ಮೇಲೊಂದು ಹೊಸ ಬಚ್ಚಲುಮನೆ ಕಟ್ಟಿಸಿ, ಕೆಳಗಿನ ಅಡುಗೆಮನೆಯ ಹಳೆಯ ಮೋರಿಯನ್ನು ಕಿತ್ತು ಪೈಪು ಹಾಕಿಸುವ ಸಂದರ್ಭ ಒದಗಿದಾಗ, ಈ ಒಂದು ಕೆಲಸವನ್ನು ಪೂರ್ತಿಯಾಗಿ ಯಾರಿಗೂ ಒಪ್ಪಿಸದೆ, ಸಾಮಾನು ಕೊಳ್ಳುವಲ್ಲಿಂದ ಹಿಡಿದು ನೀರು ಬಿಟ್ಟು ನೋಡುವವರೆಗೆ ನಾನೂ ಜೊತೆಗೆ ನಿಂತೆ. ಆಗ ನನಗೆ ಖಚಿತವಾದದ್ದು ಇಷ್ಟು: ನೇರವಾದ ಪೈಪು ತೊಂದರೆ ಕೊಡುವುದು ಅಪರೂಪ. ನೀರು ತಿರುಗುವಲ್ಲಿ, ಇನ್ನೊಂದು ನೀರಿನ ಜೊತೆ ಕೂಡುವಲ್ಲಿ, ನೆಲದಿಂದ ಪೈಪಿಗೆ ಇಳಿಯುವಲ್ಲಿ ತೊಂದರೆ ಬರುತ್ತದೆ. ಆದ್ದರಿಂದ ಪ್ರತಿಯೊಂದು ಫಿಟಿಂಗನ್ನು ಆರಿಸುವಾಗಲೂ ಕೇಳಬೇಕಾದ ಪ್ರಶ್ನೆ ಒಂದೇ. ಇಲ್ಲಿ ಕಸ ಕಟ್ಟಿಕೊಂಡರೆ, ಹತ್ತು ವರ್ಷದ ಮೇಲೆ, ಟೈಲ್ಸು ಒಡೆಯದೆ ಒಬ್ಬ ಮನುಷ್ಯನ ಕೈ ಅಲ್ಲಿಗೆ ಹೋಗುತ್ತದೆಯೇ?

ಮೊದಲು ಪೈಪಿನ ವಿಷಯ. ನಮ್ಮ ಕಡೆಯ ಅಂಗಡಿಗಳಲ್ಲಿ "ನಾಲ್ಕಿಂಚಿನ ಪಿವಿಸಿ ಪೈಪು" ಎಂದು ಕೇಳಿದರೆ ಬೇರೆ ಬೇರೆ ಬಗೆಯ ಪೈಪುಗಳು ಮುಂದೆ ಬರುತ್ತವೆ, ಮತ್ತು ಎಲ್ಲವೂ ನೋಡಲು ಹೆಚ್ಚು ಕಡಿಮೆ ಒಂದೇ ಬೂದುಬಣ್ಣದವು. ತೋಟಕ್ಕೆ ನೀರು ಹಾಯಿಸಲು ಒಯ್ಯುವ "ನಾಲ್ಕು ಕೆ.ಜಿ., ಆರು ಕೆ.ಜಿ." ಪೈಪುಗಳು ಒತ್ತಡದ ನೀರಿಗಾಗಿ ಮಾಡಿದವು (ಇಲ್ಲಿ ಕೆ.ಜಿ. ಎಂದರೆ ತೂಕವಲ್ಲ, ಪೈಪು ತಾಳುವ ಒತ್ತಡ), ಅವುಗಳ ಭಾರತೀಯ ಮಾನಕ ಐಎಸ್ 4985. ಮನೆಯ ಕೊಳೆನೀರಿಗೆ ಬೇಕಾದದ್ದು ಎಸ್‌ಡಬ್ಲ್ಯುಆರ್ (ಸಾಯಿಲ್, ವೇಸ್ಟ್, ರೈನ್; ಅಂದರೆ ಪಾಯಿಖಾನೆ, ಬಚ್ಚಲು, ಮಳೆ ನೀರಿನದು) ಎಂದು ಕರೆಯುವ ಪೈಪು. ಅದರ ಮಾನಕ ಐಎಸ್ 13592, ಅದಕ್ಕೆ ಜೊತೆಯಾಗುವ ಅಚ್ಚಿನ ಫಿಟಿಂಗುಗಳ ಮಾನಕ ಐಎಸ್ 14735. ಮನೆಯಿಂದ ಹೊರಗೆ ಮಣ್ಣಿನಡಿ ಹೋಗುವ ದೊಡ್ಡ ಸಾಲಿಗೆ ಐಎಸ್ 15328 ಎಂಬ ಬೇರೆಯದೇ ಪೈಪು ಇದೆ. ಪೈಪಿನ ಮೈಮೇಲೆ ಉದ್ದಕ್ಕೂ ಅಚ್ಚಾಗಿರುವ ಸಾಲನ್ನು ಓದಿದರೆ ಮಾನಕದ ಸಂಖ್ಯೆ, ಅಳತೆ, ಟೈಪು ಎಲ್ಲವೂ ಸಿಗುತ್ತದೆ. ಕೊಳ್ಳುವವರಿಗೆ ಅದನ್ನು ಓದುವ ಅಭ್ಯಾಸವಿಲ್ಲದ್ದರಿಂದಲೇ ತೋಟದ ಪೈಪು ಬಚ್ಚಲಿಗೆ ಬಂದು ಸೇರುತ್ತದೆ. ಎರಡರ ಹೊರವ್ಯಾಸ 110 ಎಂ.ಎಂ. ಒಂದೇ ಆಗಿರುವುದರಿಂದ ಅದು ಎಸ್‌ಡಬ್ಲ್ಯುಆರ್ ಫಿಟಿಂಗಿನೊಳಗೆ ಕೂತೂ ಬಿಡುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ನಾಲ್ಕು ಕೆ.ಜಿ. ಪೈಪಿನ ಗೋಡೆ ತೆಳು. ತೋಟದ ಪೈಪಿಗೆ ಸಿಗುವ ಎಲ್ಬೋಗಳ ತಿರುವು ಗಿಡ್ಡ, ಅವುಗಳಿಗೆ ತೆರೆಯುವ ಬಾಗಿಲೂ ಇರುವುದಿಲ್ಲ.

ಎಸ್‌ಡಬ್ಲ್ಯುಆರ್ ಪೈಪಿನಲ್ಲಿಯೂ ಟೈಪ್ ಎ, ಟೈಪ್ ಬಿ ಎಂದು ಎರಡಿವೆ. ಮಳೆನೀರಿಗೆ ಮತ್ತು ಗಾಳಿ ಕೊಳವೆಗೆ ಎ, ಪಾಯಿಖಾನೆ ಮತ್ತು ಬಚ್ಚಲು ನೀರಿಗೆ ಬಿ. 110 ಎಂ.ಎಂ. ಪೈಪಿನಲ್ಲಿ ಟೈಪ್ ಎ ಗೋಡೆಯ ಕನಿಷ್ಠ ದಪ್ಪ 2.2 ಎಂ.ಎಂ., ಟೈಪ್ ಬಿ 3.2 ಎಂ.ಎಂ.; 75 ಎಂ.ಎಂ. ಪೈಪಿನಲ್ಲಿ ಎ 1.8, ಬಿ 3.2. ಅಂದರೆ ಸಣ್ಣ ಪೈಪಿನಲ್ಲಿ ವ್ಯತ್ಯಾಸ ಇನ್ನೂ ಹೆಚ್ಚು, ಹೆಚ್ಚು ಕಡಿಮೆ ಎರಡು ಪಟ್ಟಿನ ಹತ್ತಿರ. ಕತ್ತರಿಸಿದ ತುದಿಯನ್ನು ಬೆರಳಲ್ಲಿ ಹಿಡಿದು ನೋಡಿದರೆ ಯಾವ ಉಪಕರಣವೂ ಇಲ್ಲದೆ ಇದು ಗೊತ್ತಾಗುತ್ತದೆ. ಟೈಪ್ ಎ ಪೈಪನ್ನು ಎಲ್ಲ ಕಡೆಗೂ ಹಾಕಿ ಉಳಿಸುವ ಹಣ, ಒಂದು ಮನೆಯ ಮಟ್ಟಿಗೆ, ಒಂದು ಒಳ್ಳೆಯ ನಲ್ಲಿಯ ಬೆಲೆಗಿಂತ ಹೆಚ್ಚಾಗಲಾರದು ಎಂಬುದು ನನ್ನ ಲೆಕ್ಕ. ಕಾಂಟ್ರಾಕ್ಟರ್ ಹತ್ತು ಮನೆ ಕಟ್ಟುವಾಗ ಆ ಲೆಕ್ಕ ಬೇರೆಯಾಗುತ್ತದೆ, ಆದ್ದರಿಂದಲೇ ಕರಾರಿನಲ್ಲಿ ಬರೀ "ಐಎಸ್‌ಐ ಪೈಪು" ಎಂದು ಬರೆಸದೆ "ಐಎಸ್ 13592, ಟೈಪ್ ಬಿ" ಎಂದೇ ಬರೆಸುವುದು ಒಳ್ಳೆಯದು.

ಫಿಟಿಂಗುಗಳ ಡಬ್ಬದ ಮುಂದೆ ಕೂತಾಗ ನೋಡಬೇಕಾದದ್ದು ಒಳಮೈ. ಬೆರಳನ್ನು ಒಳಗೆ ಹಾಕಿ ತಿರುವಿನುದ್ದಕ್ಕೂ ಸವರಬೇಕು. ಒಂದೇ ಅಚ್ಚಿನಲ್ಲಿ ಎರಕ ಹೊಯ್ದ ಫಿಟಿಂಗಿನ ಒಳಭಾಗ ನಯವಾಗಿ, ತಡೆಯಿಲ್ಲದೆ ತಿರುಗುತ್ತದೆ. ಪೈಪಿನ ತುಂಡುಗಳನ್ನು ಓರೆಯಾಗಿ ಕತ್ತರಿಸಿ ಬೆಸೆದ ಅಗ್ಗದ ಬೆಂಡುಗಳಲ್ಲಿ ಬೆಸುಗೆಯ ಏಣು ಒಳಗೆ ಎದ್ದಿರುತ್ತದೆ, ಬೆರಳಿಗೆ ಚುಚ್ಚುತ್ತದೆ. ಬಚ್ಚಲಿನಿಂದ ಹರಿದುಬರುವ ಕೂದಲಿಗೆ ಅಷ್ಟು ಆಸರೆ ಸಾಕು. ಒಂದೆಳೆ ಸಿಕ್ಕಿಕೊಂಡರೆ ಅದರ ಮೇಲೆ ಸೋಪಿನ ಜಿಡ್ಡು, ಜಿಡ್ಡಿನ ಮೇಲೆ ಮತ್ತೆ ಕೂದಲು ಹೀಗೆ ಗಡ್ಡೆ ಬೆಳೆಯುತ್ತದೆ.

ತಿರುವುಗಳಲ್ಲಿ ಎಲ್ಬೋ ಮತ್ತು ಬೆಂಡ್ ಎರಡನ್ನೂ ನಮ್ಮಲ್ಲಿ ಒಂದೇ ಎಂಬಂತೆ ಬಳಸುತ್ತಾರೆ, ಆದರೆ ಕೊಳೆನೀರಿಗೆ ಬೇಕಾದದ್ದು ಉದ್ದ ತಿರುವಿನ ಬೆಂಡು. ಎಸ್‌ಡಬ್ಲ್ಯುಆರ್ ಬೆಂಡುಗಳ ಮೇಲೆ 87.5 ಡಿಗ್ರಿ ಎಂದು ಅಚ್ಚಾಗಿರುವುದನ್ನು ಕಂಡು ನಮ್ಮ ಮೇಸ್ತ್ರಿ ಇದು ಸರಿಯಾದ ಮೂಲೆಮಟ್ಟವಲ್ಲ ಎಂದು ವಾಪಸ್ಸು ಕೊಡಲು ಹೊರಟಿದ್ದರು. ಆ ಎರಡೂವರೆ ಡಿಗ್ರಿಯ ಕೊರತೆ ಬೇಕೆಂದೇ ಇಟ್ಟದ್ದು: ನೆಟ್ಟಗೆ ನಿಂತ ಪೈಪಿಗೆ ಆ ಬೆಂಡು ಹಾಕಿದರೆ ಅಡ್ಡ ಪೈಪಿಗೆ ತಾನಾಗಿ ವಾಟ, ಅಂದರೆ ಇಳಿಜಾರು, ಸಿಗುತ್ತದೆ. ಮಹಡಿಯಿಂದ ನೇರವಾಗಿ ಇಳಿದ ಪೈಪು ನೆಲಮಟ್ಟದಲ್ಲಿ ಅಡ್ಡಕ್ಕೆ ತಿರುಗುವ ಜಾಗದಲ್ಲಿ ಮಾತ್ರ ನಾನು ಒಂದು 90ರ ಬೆಂಡಿಗೆ ಬದಲಾಗಿ ಎರಡು 45 ಡಿಗ್ರಿಯ ಬೆಂಡುಗಳನ್ನು ನಡುವೆ ಒಂದು ಗೇಣು ಪೈಪು ಬಿಟ್ಟು ಹಾಕಿಸಿದೆ. ಮೇಲಿನಿಂದ ಬೀಳುವ ನೀರು ಅಲ್ಲಿ ಗೋಡೆಗೆ ಗುದ್ದಿ ನಿಲ್ಲುವ ಬದಲು ಹರಿವಿನ ದಿಕ್ಕಿಗೆ ತಿರುಗಿಕೊಳ್ಳುತ್ತದೆ. ಹಾಗೆ ಗುದ್ದಿ ನಿಂತಾಗಲೇ ಕೆಳಗಿನ ಬಚ್ಚಲಿನ ಜಾಲರಿಯಲ್ಲಿ ನೊರೆ ಮೇಲೇಳುವುದು.

ಮೂರು ಬಾಯಿಯ ಫಿಟಿಂಗುಗಳಾದ ಟೀ (T ಆಕಾರದ್ದು) ಮತ್ತು ವೈ (Y ಆಕಾರದ್ದು) ಎರಡರ ನಡುವಿನ ಆಯ್ಕೆಯೂ ಇದೇ ತರ್ಕದ್ದು. ನಿಂತ ಪೈಪಿಗೆ ಪಕ್ಕದಿಂದ ಅಡ್ಡ ಪೈಪು ಬಂದು ಸೇರುವಲ್ಲಿ ಟೀ ಆಗಬಹುದು, ಅದೂ ಹರಿವಿನ ಕಡೆಗೆ ಬಾಗಿದ ಕುತ್ತಿಗೆಯ ಟೀ ಆದರೆ ಉತ್ತಮ. ಮಲಗಿದ ಪೈಪಿಗೆ ಮಲಗಿದ ಪೈಪು ಸೇರುವಲ್ಲಿ ಟೀ ಹಾಕಲೇಬಾರದು. ಅಲ್ಲಿ ವೈ ಬೇಕು, ಅದರ ಓರೆ ತೋಳು ಹರಿವಿನ ದಿಕ್ಕಿಗೇ ಇರಬೇಕು. ಟೀ ಹಾಕಿದರೆ ಪಕ್ಕದಿಂದ ಬಂದ ನೀರು ಎದುರು ಗೋಡೆಗೆ ಬಡಿದು ಎರಡೂ ಕಡೆಗೆ ಹರಡುತ್ತದೆ, ಹಿಂದಕ್ಕೆ ಹೋದ ಭಾಗ ತಂದ ಹೊಲಸು ಅಲ್ಲಿಯೇ ಕೂರುತ್ತದೆ. ಇನ್ನು ಹರಿವಿನ ದಾರಿಯಲ್ಲಿ ಪೈಪಿನ ಅಳತೆ ಹೆಚ್ಚುತ್ತ ಹೋಗಬಹುದೇ ಹೊರತು ಎಲ್ಲಿಯೂ ಕಡಿಮೆಯಾಗಕೂಡದು. ಇದು ಎಲ್ಲರಿಗೂ ಗೊತ್ತಿರುವ ಮಾತೇ ಆದರೂ, ಅಂಗಡಿಯಲ್ಲಿ ಆ ದಿನ 110ರ ಬೆಂಡು ಖಾಲಿಯಾಗಿದೆ ಎಂಬ ಕಾರಣಕ್ಕೆ ರೆಡ್ಯೂಸರ್ ಹಾಕಿ 90ಕ್ಕೆ ಇಳಿಸಿ ಮತ್ತೆ ಏರಿಸಿದ ಒಂದು ಸಾಲನ್ನು ನೆಂಟರ ಮನೆಯಲ್ಲಿ ಕಣ್ಣಾರೆ ಕಂಡಿದ್ದೇನೆ.

ಡೋರ್ ಫಿಟಿಂಗುಗಳು, ಅಂದರೆ ಬೆನ್ನಿನಲ್ಲಿ ತಿರುಪಿನ ಮುಚ್ಚಳವಿರುವ ಬೆಂಡು ಮತ್ತು ಟೀಗಳು, ಸಾದಾ ಫಿಟಿಂಗುಗಳಿಗಿಂತ ಸ್ವಲ್ಪ ದುಬಾರಿ. ಗೋಡೆಯ ಹೊರಗೆ ಕಾಣುವ ಪ್ರತಿಯೊಂದು ತಿರುವಿಗೂ, ಪ್ರತಿಯೊಂದು ಕೂಡುವಿಕೆಗೂ ಡೋರ್ ಇರುವುದನ್ನೇ ಹಾಕಿಸಬೇಕು ಎಂಬುದು ನನ್ನ ಪಟ್ಟು. ಆದರೆ ಡೋರ್ ಇದ್ದರೆ ಸಾಲದು, ಅದು ತೆರೆಯುವ ದಿಕ್ಕನ್ನೂ ನೋಡಬೇಕು. ಮುಚ್ಚಳ ಗೋಡೆಯ ಕಡೆಗೆ ತಿರುಗಿದ್ದರೆ ಸ್ಕ್ರೂಡ್ರೈವರ್ ಹೋಗುವುದಿಲ್ಲ. ತೀರಾ ಕೆಳಮುಖವಾಗಿದ್ದರೆ ತೆರೆದವನ ಮೈಮೇಲೆ ಎಲ್ಲವೂ ಸುರಿಯುತ್ತದೆ. ಕಟ್ಟಿಕೊಂಡ ಪೈಪನ್ನು ಬಿಡಿಸಲು ಬರುವವನು ಏಣಿ ಎಲ್ಲಿ ನಿಲ್ಲಿಸುತ್ತಾನೆ, ಬಿದಿರು ಸೀಳನ್ನೋ ಸ್ಪ್ರಿಂಗ್ ತಂತಿಯನ್ನೋ ಯಾವ ಕೋನದಲ್ಲಿ ತೂರಿಸುತ್ತಾನೆ ಎಂಬುದನ್ನು ಊಹಿಸಿಕೊಂಡು ಡೋರಿನ ಮುಖವನ್ನು ತಿರುಗಿಸಿಡಬೇಕು. ಪೈಪು ಅಂಟಿಸುವ ಸಲ್ಯೂಷನ್ ಹಚ್ಚಿದ ಮೇಲೆ ಅದನ್ನು ತಿರುಗಿಸಲು ಸಾಧ್ಯವಿಲ್ಲವಾದ್ದರಿಂದ, ಎಲ್ಲವನ್ನೂ ಮೊದಲು ಒಣದಾಗಿ ಜೋಡಿಸಿ, ಪೈಪು ಮತ್ತು ಫಿಟಿಂಗು ಎರಡರ ಮೇಲೂ ಹಾಯುವಂತೆ ಪೆನ್ಸಿಲ್ ಗೆರೆ ಎಳೆದುಕೊಂಡು, ಆಮೇಲೆ ಬಿಚ್ಚಿ ಅಂಟಿಸುವುದು ಕ್ಷೇಮ.

ಟ್ರ್ಯಾಪ್ ವಿಷಯದಲ್ಲಿ ಸ್ವಲ್ಪ ಹೆಚ್ಚು ಹೇಳಬೇಕಾಗುತ್ತದೆ, ಏಕೆಂದರೆ ಮನೆಯೊಳಗೆ ಬರುವ ದುರ್ವಾಸನೆಯ ಬಹುಪಾಲು ದೂರುಗಳ ಮೂಲ ಇಲ್ಲಿದೆ. ಟ್ರ್ಯಾಪ್ ಎಂದರೆ ಬಾಗಿದ ಹೊಟ್ಟೆಯಲ್ಲಿ ಸದಾ ಒಂದಿಷ್ಟು ನೀರು ನಿಲ್ಲಿಸಿಕೊಳ್ಳುವ ಫಿಟಿಂಗು; ಆ ನೀರೇ ಚರಂಡಿಯ ಗಾಳಿಗೂ ಮನೆಯ ಗಾಳಿಗೂ ನಡುವಿನ ಬಾಗಿಲು. ಆ ನೀರಿನ ಮುಚ್ಚಿಗೆ 50 ಎಂ.ಎಂ. ಆಳವಾದರೂ ಇರಬೇಕು. ಬಚ್ಚಲ ನೆಲಕ್ಕೆ ಹಾಕುವ ಹಳೆಯ ಮಾದರಿಯ ಗಿಡ್ಡ ನಹಾನಿ ಟ್ರ್ಯಾಪುಗಳಲ್ಲಿ ಇದು ಇರುವುದಿಲ್ಲ. ಅವುಗಳಲ್ಲಿ ಜಾಲರಿಯಡಿ ಬೋರಲು ಹಾಕಿದ ಬಟ್ಟಲೊಂದಿರುತ್ತದೆ, ನೀರು ನಿಧಾನಕ್ಕೆ ಇಳಿಯುತ್ತದೆಂದು ಯಾರೋ ಒಬ್ಬರು ಆ ಬಟ್ಟಲನ್ನು ತೆಗೆದಿಡುತ್ತಾರೆ, ಅಂದಿನಿಂದ ವಾಸನೆಯೂ ಜಿರಳೆಯೂ ಒಳಗೆ. ಅಂಗಡಿಯಲ್ಲಿ ಟ್ರ್ಯಾಪನ್ನು ಮೇಜಿನ ಮೇಲೆ ಮಟ್ಟವಾಗಿ ಇಟ್ಟು, ಕುಡಿಯುವ ನೀರಿನ ಬಾಟಲಿಯಿಂದ ಹೊರಬಾಯಿ ತುಳುಕುವವರೆಗೆ ನೀರು ಹೊಯ್ದು, ನಡುವಿನ ಗೋಡೆಯ ಕೆಳಗಿನ ಅಂಚಿನಿಂದ ನೀರಿನ ಮಟ್ಟದವರೆಗೆ ಸ್ಕೇಲ್ ಇಟ್ಟು ಅಳೆದರೆ ಸಂಗತಿ ತಿಳಿಯುತ್ತದೆ. ಅಂಗಡಿಯವರು ವಿಚಿತ್ರವಾಗಿ ನೋಡಿದರು, ಆದರೆ ಒಂದೇ ರೀತಿ ಕಾಣುವ ಎರಡು ಟ್ರ್ಯಾಪುಗಳಲ್ಲಿ ಒಂದರ ಮುಚ್ಚಿಗೆ ಇನ್ನೊಂದರ ಅರ್ಧವೂ ಇರಲಿಲ್ಲ ಎಂಬುದನ್ನು ಅವರೂ ಆಗಲೇ ಗಮನಿಸಿದ್ದು.

ಬಚ್ಚಲಿಗೆ ನಾನು ಆರಿಸಿದ್ದು ಮಲ್ಟಿ ಫ್ಲೋರ್ ಟ್ರ್ಯಾಪ್. ಇದಕ್ಕೆ ಪಕ್ಕಗಳಲ್ಲಿ ಮುಚ್ಚಿದ ಬಾಯಿಗಳಿದ್ದು, ಬೇಕಾದುದನ್ನು ಕೊರೆದು ವಾಷ್‌ಬೇಸಿನ್ನಿನ ಅಥವಾ ವಾಷಿಂಗ್ ಮೆಷಿನ್ನಿನ ಪೈಪನ್ನು ಅಲ್ಲಿಗೇ ತರಬಹುದು. ಇದರಿಂದ ಒಂದು ಉಪಕಾರವಿದೆ: ಮೂಲೆಯ ಬಚ್ಚಲನ್ನು ಯಾರೂ ಬಳಸದಿದ್ದರೂ ಬೇಸಿನ್ನಿನ ನೀರು ಬಂದು ಟ್ರ್ಯಾಪಿನ ಮುಚ್ಚಿಗೆ ಒಣಗದಂತೆ ಕಾಯುತ್ತದೆ. ಅತಿಥಿಗಳ ಕೋಣೆಯ ಬಚ್ಚಲಿನಂಥ ಅಪರೂಪಕ್ಕೆ ಬಳಸುವ ಜಾಗದಲ್ಲಿ ಬೇಸಿಗೆಯ ತಿಂಗಳುಗಳಲ್ಲಿ ಈ ನೀರು ಆವಿಯಾಗಿ ಹೋಗುತ್ತದೆ. ಒಂದು ಚೊಂಬು ನೀರಿನ ಮೇಲೆ ಒಂದು ಚಮಚ ಅಡುಗೆ ಎಣ್ಣೆ ಹಾಕಿಟ್ಟರೆ ಬಹಳ ದಿನ ನಿಲ್ಲುತ್ತದೆ. ಆದರೆ ಬೇಸಿನ್ನಿನಡಿ ಒಂದು ಬಾಟಲ್ ಟ್ರ್ಯಾಪ್, ಅದರ ಪೈಪು ನೀರಿನೊಳಗೆ ಮುಳುಗುವಂತೆ ಫ್ಲೋರ್ ಟ್ರ್ಯಾಪ್, ಹೀಗೆ ಒಂದರ ಹಿಂದೊಂದು ಎರಡು ನೀರಿನ ಮುಚ್ಚಿಗೆಗಳನ್ನು ಗಾಳಿಗೆ ದಾರಿಯಿಲ್ಲದೆ ಇಟ್ಟರೆ ನಡುವೆ ಸಿಕ್ಕಿಬಿದ್ದ ಗಾಳಿ ನೀರನ್ನು ತಡೆಯುತ್ತದೆ, ಬೇಸಿನ್ನು ಗುಳುಗುಳು ಸದ್ದು ಮಾಡುತ್ತ ನಿಧಾನವಾಗಿ ಇಳಿಯುತ್ತದೆ. ಬೇಸಿನ್ನಿನಡಿ ಎಲ್ಲರೂ ಹಾಕುವ ಸುರುಳಿ ಮೈಯ ಬಾಗುವ ಪೈಪಿನ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅದರ ಪ್ರತಿಯೊಂದು ಮಡಿಕೆಯಲ್ಲೂ ಕೊಳೆ ಕೂರುತ್ತದೆ. ನಯವಾದ ಒಳಮೈಯ ಪೈಪನ್ನು ಅಳತೆಗೆ ಕತ್ತರಿಸಿ ಹಾಕಲು ಹಿಡಿಯುವ ಸಮಯ ಹೆಚ್ಚೆಂದರೆ ಅರ್ಧ ಗಂಟೆ.

ಕಮೋಡಿನ ವಿಷಯದಲ್ಲಿ ಕ್ರಮ ತಲೆಕೆಳಗಾಗುವುದು ಸಾಮಾನ್ಯ. ಪೈಪು ಮೊದಲು ಹಾಕಿಸಿ ಕಮೋಡನ್ನು ಆಮೇಲೆ ಕೊಳ್ಳುತ್ತಾರೆ. ನೆಲದೊಳಕ್ಕೆ ಇಳಿಯುವ ಎಸ್ ಟ್ರ್ಯಾಪ್ ಕಮೋಡುಗಳಲ್ಲಿ ಗೋಡೆಯಿಂದ ರಂಧ್ರದ ನಡುವಿಗೆ 220 ಎಂ.ಎಂ. ಮತ್ತು 300 ಎಂ.ಎಂ. ಎಂಬ ಎರಡು ದೂರಗಳು ಹೆಚ್ಚು ಬಳಕೆಯಲ್ಲಿವೆ. ಗೋಡೆಯೊಳಕ್ಕೆ ಹೋಗುವ ಪಿ ಟ್ರ್ಯಾಪ್ ಕಮೋಡುಗಳಲ್ಲಿ ಟೈಲ್ಸಿನ ಮೇಲ್ಮೈಯಿಂದ ಸುಮಾರು 180 ಎಂ.ಎಂ. ಎತ್ತರ. ಟೈಲ್ಸು ಮತ್ತು ಅದರಡಿಯ ಗಾರೆಯ ದಪ್ಪವನ್ನು ಈ ಅಳತೆಗಳಿಗೆ ಸೇರಿಸಿಕೊಳ್ಳಬೇಕು. ಯಾವ ಕಮೋಡು ಎಂದು ಮೊದಲೇ ಗೊತ್ತಿದ್ದರೆ ಇದೆಲ್ಲ ಐದು ನಿಮಿಷದ ಕೆಲಸ. ಕಮೋಡಿನ ಬಾಯಿಗೂ ಪೈಪಿಗೂ ನಡುವೆ ಬಿಳಿ ಸಿಮೆಂಟು ಮೆತ್ತುವ ಹಳೆಯ ಪದ್ಧತಿಯನ್ನು ಬಿಟ್ಟು, ರಬ್ಬರ್ ತುಟಿಯ ಕನೆಕ್ಟರ್ ಹಾಕಿಸುವುದು ಮೇಲು. ಸಿಮೆಂಟು ಬಿರುಕು ಬಿಟ್ಟರೆ ಹೊರಗೆ ಕಾಣುವುದಿಲ್ಲ, ಕೆಳಗಿನ ಚಾವಣಿಯಲ್ಲಿ ತೇವದ ಕಲೆಯಾಗಿ ಕಾಣಿಸಿಕೊಳ್ಳುತ್ತದೆ.

ಜೋಡಣೆಗೆ ಎರಡು ದಾರಿಗಳಿವೆ: ಸಲ್ಯೂಷನ್ ಹಚ್ಚಿ ಅಂಟಿಸುವುದು, ಅಥವಾ ರಬ್ಬರ್ ರಿಂಗ್ ಇರುವ ಫಿಟಿಂಗಿನೊಳಗೆ ಪೈಪನ್ನು ತಳ್ಳುವುದು. ಇವುಗಳಲ್ಲಿ ಯಾವುದು ಉತ್ತಮ ಎಂಬ ವಾದಕ್ಕೆ ಅರ್ಥವಿಲ್ಲ, ಜಾಗವನ್ನು ನೋಡಿ ನಿರ್ಧರಿಸಬೇಕು. ಪಿವಿಸಿ ಬಿಸಿಲಿಗೆ ಉದ್ದವಾಗುವ ವಸ್ತು. ಮೂರು ಮೀಟರಿನ ಒಂದು ಪೈಪು 30 ಡಿಗ್ರಿ ಬಿಸಿಯಾದರೆ ಸುಮಾರು 6 ಎಂ.ಎಂ. ಬೆಳೆಯುತ್ತದೆ. ಬಿಸಿಲು ಬೀಳುವ ಹೊರಗೋಡೆಯ ಮೇಲೆ ಮಹಡಿಯಿಂದ ನೆಲದವರೆಗೆ ಎಲ್ಲವನ್ನೂ ಅಂಟಿಸಿಬಿಟ್ಟರೆ ಆ ಬೆಳವಣಿಗೆಗೆ ಜಾಗವಿಲ್ಲದೆ ಪೈಪು ಬಿಲ್ಲಿನಂತೆ ಬಾಗುತ್ತದೆ, ಇಲ್ಲವೇ ಯಾವುದೋ ಒಂದು ಟೀ ಸೀಳುತ್ತದೆ. ಅಲ್ಲಿಗೆ ರಿಂಗ್ ಫಿಟ್ಟೇ ಸರಿ. ಪೈಪನ್ನು ಪೂರ್ತಿ ಒಳಗೆ ತಳ್ಳಿ, ಫಿಟಿಂಗಿನ ಅಂಚಿನಲ್ಲಿ ಗುರುತು ಹಾಕಿ, ಸುಮಾರು 10 ಎಂ.ಎಂ. ಹಿಂದಕ್ಕೆ ಎಳೆದು ಬಿಡಬೇಕು. ಪ್ಲಂಬರುಗಳು ಈ ಕೊನೆಯ ಎಳೆತವನ್ನು ಸಾಮಾನ್ಯವಾಗಿ ಮಾಡುವುದಿಲ್ಲ. ಪಕ್ಕದಲ್ಲಿ ನಿಂತು ಪ್ರತಿ ಸಲ ನೆನಪಿಸಬೇಕಾಯಿತು. ರಿಂಗಿಗೆ ಹಚ್ಚಲು ಸೋಪಿನ ನೀರು ಅಥವಾ ಕಂಪನಿಯವರು ಕೊಡುವ ಲೂಬ್ರಿಕೆಂಟ್ ಸಾಕು. ಗ್ರೀಸು, ಇಂಜಿನ್ ಎಣ್ಣೆ ಮುಟ್ಟಿಸಬಾರದು, ರಬ್ಬರು ಉಬ್ಬಿ ಕೆಡುತ್ತದೆ. ರಿಂಗ್ ಫಿಟ್ ಸಾಲಿನಲ್ಲಿ ಒಂದು ಕಂಪನಿಯ ಪೈಪಿಗೆ ಇನ್ನೊಂದು ಕಂಪನಿಯ ಫಿಟಿಂಗು ಬೆರೆಸದಿರುವುದು ಒಳ್ಳೆಯದು. ಆಶೀರ್ವಾದ್, ಸುಪ್ರೀಂ, ಫಿನೋಲೆಕ್ಸ್, ಆಸ್ಟ್ರಲ್ ಹೀಗೆ ಯಾವುದಾದರೂ ಇರಲಿ, ಒಂದನ್ನು ಹಿಡಿದರೆ ಕೊನೆಯವರೆಗೆ ಅದನ್ನೇ ಹಿಡಿಯಬೇಕು.

ನೆಲದೊಳಗೆ ಹುದುಗಿ ಹೋಗುವ, ತಾಪ ಹೆಚ್ಚು ಬದಲಾಗದ ಜಾಗಕ್ಕೆ ಅಂಟಿಸುವ ಪದ್ಧತಿಯೇ ನನ್ನ ಆಯ್ಕೆ. ಸಲ್ಯೂಷನ್ ಎಂಬುದು ಗೋಂದಿನ ಹಾಗೆ ನಡುವೆ ನಿಂತು ಹಿಡಿಯುವ ವಸ್ತುವಲ್ಲ. ಅದು ಎರಡೂ ಮೈಗಳನ್ನು ತುಸು ಕರಗಿಸಿ ಒಂದಾಗಿಸುತ್ತದೆ. ಆದ್ದರಿಂದ ದೂಳು, ಒದ್ದೆ, ಸಿಮೆಂಟಿನ ಕಣ ಯಾವುದೂ ಇರಕೂಡದು. ಪೈಪನ್ನು ಹ್ಯಾಕ್‌ಸಾದಿಂದ ನೇರವಾಗಿ ಕತ್ತರಿಸಿ, ಒಳಗೂ ಹೊರಗೂ ಎದ್ದ ಸಿಬಿರನ್ನು ಅರದಿಂದ ತೆಗೆದು, ಹೊರ ಅಂಚನ್ನು ಸುಮಾರು 15 ಡಿಗ್ರಿಯಷ್ಟು ಓರೆ ಮಾಡಿ, ಎಷ್ಟು ಒಳಗೆ ಹೋಗಬೇಕೋ ಅಲ್ಲಿಗೆ ಗುರುತು ಹಾಕಿ, ಒಣಬಟ್ಟೆಯಿಂದ ಒರೆಸಿ, ಎರಡೂ ಮೈಗೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸುತ್ತ ತಳ್ಳಿ, ಅರ್ಧ ನಿಮಿಷ ಅದುಮಿ ಹಿಡಿಯಬೇಕು. ಕೈ ಬಿಟ್ಟರೆ ಫಿಟಿಂಗು ಪೈಪನ್ನು ತುಸು ಹೊರಗೆ ತಳ್ಳುತ್ತದೆ, ಅದನ್ನು ಅಲ್ಲಿಯೇ ನಿಂತು ನೋಡಬಹುದು. ಡಬ್ಬದೊಳಗಿನ ಸಲ್ಯೂಷನ್ ಗಟ್ಟಿಯಾಗಿ ದಾರ ಬರುತ್ತಿದ್ದರೆ ಥಿನ್ನರ್ ಬೆರೆಸದೆ ಎಸೆಯಬೇಕು. ಬಿಸಿನೀರಿನ ಸಿಪಿವಿಸಿ ಪೈಪಿಗೆ ತಂದ ಹಳದಿ ಸಲ್ಯೂಷನ್ನು ಬೇರೆ, ಇದಕ್ಕೆ ಬೇಕಾದದ್ದು ಬೇರೆ.

ಈ ಸಂದರ್ಭದಲ್ಲಿ ಬೆಂಕಿಯ ಮಾತು ಹೇಳಲೇಬೇಕು. ಎರಡು ಪೈಪು ಕೂಡಿಸುವ ಕಪ್ಲರ್ ಇಲ್ಲದಿದ್ದರೆ ಪೈಪಿನ ತುದಿಯನ್ನು ಒಣ ತೆಂಗಿನ ಗರಿ ಉರಿಸಿ ಕಾಯಿಸಿ, ಮೆತ್ತಗಾದಾಗ ಇನ್ನೊಂದು ಪೈಪನ್ನು ತುರುಕಿ ಸಾಕೆಟ್ ಮಾಡುವುದು, ಬೆಂಡ್ ಇಲ್ಲದಿದ್ದರೆ ಪೈಪನ್ನೇ ಕಾಯಿಸಿ ಮೊಣಕಾಲಿನ ಮೇಲಿಟ್ಟು ಬಗ್ಗಿಸುವುದು ತೋಟದ ಕೆಲಸದಿಂದ ಬಂದ ರೂಢಿ. ಮಾಡುವವರ ಕೈಚಳಕ ಮೆಚ್ಚುವಂಥದ್ದೇ. ಆದರೆ ಹಾಗೆ ಹಿಗ್ಗಿದ ಗೋಡೆ ತೆಳುವಾಗುತ್ತದೆ, ಬಗ್ಗಿಸಿದ ಜಾಗದ ಒಳಬದಿ ಮಡಿಚಿಕೊಂಡು ಪೈಪು ಮೊಟ್ಟೆಯಾಕಾರಕ್ಕೆ ಬರುತ್ತದೆ, ಸುಟ್ಟ ಕಡೆ ಕಪ್ಪಾಗಿ ಪೆಡಸಾಗುತ್ತದೆ. ಅದರ ಹೊಗೆಯೂ ಒಳ್ಳೆಯದಲ್ಲ. ತೋಟದಲ್ಲಿ ಒಡೆದರೆ ಅಡಿಕೆ ಮರದ ಬುಡಕ್ಕೆ ನೀರು ಹೋಗುತ್ತದೆ, ಮನೆಯಲ್ಲಿ ಒಡೆದರೆ ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾಗಿಲ್ಲ. ಕೆಲಸ ಶುರುವಾಗುವ ಮೊದಲೇ ಕಪ್ಲರ್ ಮತ್ತು ಬೆಂಡುಗಳನ್ನು ಬೇಕಾದದ್ದಕ್ಕಿಂತ ಒಂದೆರಡು ಹೆಚ್ಚು ತಂದಿಟ್ಟರೆ ಈ ಬೆಂಕಿ ಹತ್ತುವುದಿಲ್ಲ.

ವಾಟಕ್ಕೆ ಅಡಿಗೆ ಕಾಲು ಇಂಚು ಎಂಬ ಲೆಕ್ಕ ಸಾಮಾನ್ಯ ಮನೆಗೆ ಸಾಕು. ಹತ್ತು ಅಡಿಗೆ ಎರಡೂವರೆ ಇಂಚು, ಅಂದರೆ 48ಕ್ಕೆ ಒಂದು. ಕಣ್ಣಂದಾಜಿನ ಬದಲು ಗಾರೆಯವರ ನೀರು ತುಂಬಿದ ಲೆವೆಲ್ ಪೈಪಿನಿಂದ ಎರಡು ತುದಿಗಳನ್ನೂ ನಡುವನ್ನೂ ಅಳೆಯಬೇಕು. ಕೆಡುವುದು ಹೆಚ್ಚಾಗಿ ನಡುವೆ: ತುದಿಗಳೆರಡೂ ಸರಿಯಿದ್ದು, ಇಟ್ಟಿಗೆ ತುಂಡಿನ ಮೇಲೆ ಕೂರಿಸಿದ ಪೈಪು ನಡುವೆ ಜೋತು ಹೊಟ್ಟೆ ಬಿಟ್ಟಿರುತ್ತದೆ. ಅಡ್ಡಕ್ಕೆ ತೂಗು ಹಾಕಿದ 110ರ ಪೈಪಿಗೆ ಮೀಟರಿಗೊಂದರಂತೆ ಕ್ಲಾಂಪ್, ನಿಂತ ಪೈಪಿಗೆ ಎರಡು ಮೀಟರ್ ಮೀರದಂತೆ ಕ್ಲಾಂಪ್ ಇರಬೇಕು. ಮಣ್ಣಿನಡಿ ಹೋಗುವಲ್ಲಿ ನಮ್ಮ ಕಡೆಯ ಜಂಬಿಟ್ಟಿಗೆಯ ಗಟ್ಟಿ ಗುಂಡುಗಳು ಪೈಪಿನ ಬೆನ್ನಿಗೆ ತಾಗದಂತೆ ಕೆಳಗೂ ಮೇಲೂ ಮರಳು ಹಾಸಬೇಕು. ಮಹಡಿಯ ಬಚ್ಚಲಿಗೆ ನೆಲವನ್ನು ತಗ್ಗಿಸಿ ಸಂಕ್ ಸ್ಲ್ಯಾಬ್ ಮಾಡಿ ಅದರೊಳಗೆ ಎಲ್ಲ ಪೈಪುಗಳನ್ನೂ ಹುದುಗಿಸುವುದು ರೂಢಿ. ಸ್ವಂತ ಮನೆಯಾದರೆ, ಬಚ್ಚಲನ್ನು ಹೊರಗೋಡೆಗೆ ತಾಗಿಸಿ, ಟ್ರ್ಯಾಪಿನಿಂದ ಹೊರಟ ಪೈಪು ಆದಷ್ಟು ಬೇಗ ಗೋಡೆ ದಾಟಿ ಹೊರಗೆ ಬರುವಂತೆ ಮಾಡಿದರೆ, ಹುದುಗಿರುವ ಭಾಗ ಮೂರು ನಾಲ್ಕು ಅಡಿಗೆ ಇಳಿಯುತ್ತದೆ, ಅದರಲ್ಲಿ ತಿರುವೇ ಇರುವುದಿಲ್ಲ. ನಮ್ಮ ಮನೆಯಲ್ಲಿ ಹೀಗೆಯೇ ಮಾಡಿದ್ದರಿಂದ ಹೊರಗೋಡೆಯ ಅಂದ ಕೆಟ್ಟಿದೆ ಎಂಬ ಆಕ್ಷೇಪ ಮನೆಯವರಿಂದ ಇನ್ನೂ ಬರುತ್ತಿದೆ. ಪೈಪಿಗೆ ಗೋಡೆಯ ಬಣ್ಣವನ್ನೇ ಬಳಿಸಿದೆ. ಬಣ್ಣ ಪೈಪನ್ನು ಬಿಸಿಲಿನಿಂದಲೂ ಕಾಪಾಡುತ್ತದೆ, ಇಲ್ಲದಿದ್ದರೆ ವರ್ಷಗಳು ಕಳೆದಂತೆ ಪಿವಿಸಿ ಬಿಳಿಚಿಕೊಂಡು ಪೆಡಸಾಗುತ್ತದೆ.

ನಿಂತ ಪೈಪನ್ನು ಮೇಲಿನ ಕಮೋಡಿನ ಮಟ್ಟಕ್ಕೆ ನಿಲ್ಲಿಸಿ ಮುಚ್ಚಳ ಹಾಕುವುದನ್ನು ಹಲವೆಡೆ ಕಂಡಿದ್ದೇನೆ. ಅದು ಅದೇ ಅಳತೆಯಲ್ಲಿ ಚಾವಣಿ ದಾಟಿ ಮೇಲೆ ಹೋಗಬೇಕು, ಕಿಟಕಿಗಳಿಂದಲೂ ನೀರಿನ ಟ್ಯಾಂಕಿನಿಂದಲೂ ದೂರ ಬಾಯಿ ಬಿಡಬೇಕು, ಬಾಯಿಗೆ ಕೌಲ್ ಎಂಬ ತೂತುಗಳಿರುವ ಟೋಪಿ ಹಾಕಿ ಸೊಳ್ಳೆಯ ಜಾಲರಿ ಕಟ್ಟಬೇಕು. ಗಾಳಿಗೆ ದಾರಿಯಿಲ್ಲದಿದ್ದರೆ, ಮೇಲೆ ಫ್ಲಶ್ ಮಾಡಿದಾಗ ಇಳಿಯುವ ನೀರು ತನ್ನ ಹಿಂದೆ ಗಾಳಿಯನ್ನು ಎಳೆಯುತ್ತದೆ, ಆ ಎಳೆತಕ್ಕೆ ಹತ್ತಿರದ ಟ್ರ್ಯಾಪಿನ ನೀರೇ ಹೊರಟುಹೋಗುತ್ತದೆ. ಮಳೆನೀರಿನ ಪೈಪನ್ನು ಇದಕ್ಕೆ ಸೇರಿಸುವ ಆಸೆಯನ್ನು ಮಾತ್ರ ಬಿಡಬೇಕು. ಬೆಂಗಳೂರಿನಲ್ಲಿ ಮಳೆನೀರನ್ನು ಒಳಚರಂಡಿಗೆ ಬಿಡುವುದನ್ನು ಜಲಮಂಡಳಿ ನಿಷೇಧಿಸಿದೆ. ನಮ್ಮಂಥ ಸೆಪ್ಟಿಕ್ ಟ್ಯಾಂಕಿನ ಮನೆಗಳಲ್ಲಿ ನಿಷೇಧ ಹೇರುವವರು ಯಾರೂ ಇಲ್ಲದಿದ್ದರೂ, ಆಷಾಢದ ಒಂದು ದಿನದ ಮಳೆ ಟ್ಯಾಂಕು ಮತ್ತು ಇಂಗುಗುಂಡಿ ಎರಡನ್ನೂ ತುಂಬಿಸಿ ಕಮೋಡಿನಲ್ಲಿ ನೀರು ಏರಿಸಬಲ್ಲದು.

ಅಡುಗೆಮನೆಯ ಪೈಪು ಬಚ್ಚಲಿನದಕ್ಕಿಂತ ಕಷ್ಟದ್ದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಮುಸುರೆಯ ಜಿಡ್ಡಿದೆ, ತೆಂಗಿನ ಚರಟವಿದೆ, ಎಲ್ಲಕ್ಕಿಂತ ಹೆಚ್ಚಾಗಿ ಬಸಿದ ಗಂಜಿ ಇದೆ. ಪಿವಿಸಿ ನಿರಂತರವಾಗಿ 60 ಡಿಗ್ರಿಗಿಂತ ಹೆಚ್ಚು ಬಿಸಿಯನ್ನು ತಾಳುವ ವಸ್ತುವಲ್ಲ. ಕುದಿಯುವ ಗಂಜಿಯನ್ನು ದಿನವೂ ನೇರವಾಗಿ ಸಿಂಕಿಗೆ ಬಸಿದರೆ ಪೈಪು ಒಮ್ಮೆಲೇ ಕರಗುವುದಿಲ್ಲ ನಿಜ; ಆದರೆ ತೆಳು ಗೋಡೆಯ ಅಡ್ಡ ಪೈಪು ಕ್ಲಾಂಪುಗಳ ನಡುವೆ ಮೆಲ್ಲಮೆಲ್ಲನೆ ಜೋಲುತ್ತದೆ, ಜೋತ ಹೊಟ್ಟೆಯಲ್ಲಿ ಗಂಜಿ ನಿಂತು ತಣಿದು ಅಂಟಿನಂತಾಗುತ್ತದೆ, ಆ ಅಂಟಿಗೆ ಎಣ್ಣೆಯ ಜಿಡ್ಡು ಮೆತ್ತಿಕೊಳ್ಳುತ್ತದೆ. ನಮ್ಮ ಹಳೆಯ ಮೋರಿಯನ್ನು ತೆರೆದಾಗ ಬದಿಗಳಲ್ಲಿ ಬೆರಳು ದಪ್ಪದ ಬೂದು ಪದರವಿತ್ತು, ಚಾಕುವಿನಿಂದ ಕೆರೆದರೆ ಮೇಣದ ಹಾಗೆ ಸುರುಳಿ ಸುರುಳಿಯಾಗಿ ಬಂತು. ಹೊಸ ಸಾಲಿಗೆ ಸಿಂಕಿನಿಂದ ಇಳಿಯುವ ಪೈಪು 50, ಗೋಡೆ ದಾಟಿದ ಕೂಡಲೇ 75ರ ಟೈಪ್ ಬಿ, ಗೋಡೆಯ ಹೊರಗೆ ಮೊದಲ ತಿರುವಿನಲ್ಲಿ ಸೊಂಟದೆತ್ತರಕ್ಕೆ ಡೋರ್ ಟೀ, ಅಲ್ಲಿಂದ ಜಿಡ್ಡು ಹಿಡಿಯುವ ಸಣ್ಣ ಚೇಂಬರ್, ಆಮೇಲೆ ಬಾಳೆಗಿಡಗಳ ಕಡೆಗೆ. ಈ ನೀರನ್ನು ಸೆಪ್ಟಿಕ್ ಟ್ಯಾಂಕಿಗೆ ಸೇರಿಸಲಿಲ್ಲ. ಹಿತ್ತಿಲಿರುವವರಿಗೆ ಅದರ ಅಗತ್ಯವೂ ಇಲ್ಲ. ಗಂಜಿಯನ್ನು ಬಕೇಟಿಗೆ ಬಸಿದು ದನಕ್ಕೆ ಇಡುವ ಮನೆಗಳಿಗೆ ಈ ಪ್ಯಾರಾ ಅನ್ವಯಿಸುವುದಿಲ್ಲ.

ಟೈಲ್ಸು ಕೂರಿಸುವ ಮೊದಲು, ಅಂಟಿಸಿದ ಜೋಡಣೆಗಳನ್ನು ಒಂದು ರಾತ್ರಿ ಬಿಟ್ಟು, ಕೆಳಬಾಯಿಗೆ ಬಿರಡೆ ಹಾಕಿ, ಟ್ರ್ಯಾಪಿನ ಬಾಯಿಯವರೆಗೆ ನೀರು ತುಂಬಿ, ಮಟ್ಟದಲ್ಲಿ ಗುರುತು ಮಾಡಿ ಕೆಲವು ಗಂಟೆ ಕಾಯಬೇಕು. ಗುರುತು ಇಳಿದರೆ ಸೋರಿಕೆ ಇದೆ. ಇಳಿಯದಿದ್ದರೆ ಬಿರಡೆ ತೆಗೆದು ನೀರು ಹೋಗುವ ವೇಗ ನೋಡಬೇಕು. ಇಂಜಿನಿಯರುಗಳು ಪೈಪಿನ ಒಳವ್ಯಾಸಕ್ಕಿಂತ ತುಸು ಸಣ್ಣ ಚೆಂಡನ್ನು ಮೇಲಿನಿಂದ ಬಿಟ್ಟು ಕೆಳಗೆ ಹಿಡಿಯುವ ಪರೀಕ್ಷೆಯನ್ನೂ ಮಾಡುತ್ತಾರೆ. ನಾವು 110ರ ಸಾಲಿನಲ್ಲಿ ಮಕ್ಕಳ ಟೆನಿಸ್ ಚೆಂಡನ್ನು ಬಿಟ್ಟು ಹಿಂದೆಯೇ ಒಂದು ಬಕೇಟು ನೀರು ಸುರಿದೆವು. ಚೆಂಡು ಚೇಂಬರಿನಲ್ಲಿ ಬಂದು ತೇಲಿತು. ಟೆನಿಸ್ ಚೆಂಡು ಈ ಅಳತೆಗೆ ಸಾಕಷ್ಟು ಸಣ್ಣದೇ, ಆದರೂ ಒಳಗೆ ಗಾರೆಯ ಮುದ್ದೆಯೋ ಇಟ್ಟಿಗೆ ಚೂರೋ ಬಿದ್ದಿದ್ದರೆ ತೋರಿಸುತ್ತದೆ. 75ರ ಪೈಪಿಗೆ ಮಾತ್ರ ಅದನ್ನು ಬಿಡಬಾರದು, ಸಿಕ್ಕಿಕೊಳ್ಳುತ್ತದೆ. ಪರೀಕ್ಷೆ ಮುಗಿದ ಮೇಲೆ ಎಲ್ಲ ತೆರೆದ ಬಾಯಿಗಳಿಗೂ ಎಂಡ್ ಕ್ಯಾಪ್ ಹಾಕಬೇಕು. ಸಿಮೆಂಟ್ ಚೀಲದ ಕಾಗದ ತುರುಕಿದರೆ ಗಾರೆಯವರು ಬಾಣಲೆ ತೊಳೆದ ನೀರೆಲ್ಲ ಅದನ್ನು ದಾಟಿ ಒಳಗೆ ಹೋಗಿ ತಳದಲ್ಲಿ ಗಟ್ಟಿಯಾಗುತ್ತದೆ.

ಮುಚ್ಚುವ ಮೊದಲು ಗೋಡೆಯ ಪಕ್ಕದಲ್ಲಿ ಅಳತೆಯ ಟೇಪು ಬಿಚ್ಚಿಟ್ಟು, ಟೇಪಿನ ಅಂಕೆ ಕಾಣುವಂತೆ ಪ್ರತಿಯೊಂದು ಮೂಲೆಯ ಫೋಟೊ ತೆಗೆದಿಟ್ಟುಕೊಂಡೆ. ಮುಂದೆ ಗೋಡೆಗೆ ಮೊಳೆ ಹೊಡೆಯುವವರಿಗೂ ಗೀಸರ್ ಕೂರಿಸುವವರಿಗೂ ಅವು ಬೇಕಾಗುತ್ತವೆ. ಡೋರ್ ಫಿಟಿಂಗಿನ ತಿರುಪುಗಳಿಗೆ ತುಕ್ಕು ಹಿಡಿಯುವಂತಿದ್ದರೆ ಆಗಲೇ ಬದಲಾಯಿಸಿ ಸ್ಟೀಲಿನವನ್ನು ಹಾಕಿ, ಮುಚ್ಚಳದ ರಬ್ಬರ್ ವಾಷರುಗಳನ್ನು ಒಂದೆರಡು ಹೆಚ್ಚು ತಂದಿಟ್ಟುಕೊಳ್ಳುವುದು ಒಳ್ಳೆಯದು. ಉಳಿದ ಫಿಟಿಂಗುಗಳನ್ನು ಸಲ್ಯೂಷನ್ ಮುಟ್ಟಿಸದೆ, ಬಿಲ್ಲಿನ ಸಮೇತ ಒಯ್ದರೆ ನಮ್ಮೂರಿನ ಅಂಗಡಿಗಳು ವಾಪಸ್ಸು ತೆಗೆದುಕೊಳ್ಳುತ್ತವೆ. ಕತ್ತರಿಸಿದ ಪೈಪನ್ನು ತೆಗೆದುಕೊಳ್ಳುವುದಿಲ್ಲ.